ಹಾಳುಬಿದ್ದ ಕಾಂಕ್ರೀಟು ಹಂಪಿಯಾಗುವುದಿಲ್ಲ: ಬುಜ್ಲುಜಾ ಸ್ಮಾರಕದ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳು ಬಲ್ಗೇರಿಯಾದ ಪ್ಲೊವ್ಡಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋಗಿದ್ದಾಗ ಸಹಪಾಠಿಯೊಬ್ಬಳ ಮನೆಯವರು ನಮ್ಮನ್ನು ಬುಜ್ಲುಜಾ ಎಂಬ ಶಿಖರಕ್ಕೆ ಕರೆದುಕೊಂಡು ಹೋದರು. ಬೆಟ್ಟದ ನೆತ್ತಿಯ ಮೇಲೆ ಹಾರುವ ತಟ್ಟೆಯ ಆಕಾರದ ಬೃಹತ್ ಕಾಂಕ್ರೀಟ್ ಕಟ್ಟಡ, ಪಕ್ಕದಲ್ಲಿ ನಕ್ಷತ್ರವಿರುವ ಗೋಪುರ. ಗೋಡೆಗಳ ಮೇಲೆ ತುಕ್ಕಿನ ಕಲೆ, ಬಿಳಿ ಸುಣ್ಣದಂಥ ಗೆರೆಗಳು, ಅಲ್ಲಲ್ಲಿ ಹೊರಗೆ ಚಾಚಿದ ಕಬ್ಬಿಣದ ಸರಳುಗಳು. ಇದೆಲ್ಲ ಕಮ್ಯುನಿಸ್ಟರ ಕಾಲದ ಕಳಪೆ ಕಾಂಕ್ರೀಟಿನ ಫಲ ಎಂದು ಕಾರು ಓಡಿಸುತ್ತಿದ್ದವರು ಹೇಳಿದರು. ಸಹಪಾಠಿಯ ಅಜ್ಜಿ ಇದನ್ನು ಕೆಡವಿಬಿಡಬೇಕು ಎಂದರು, ತಾಯಿ ಉಳಿಸಬೇಕು ಎಂದರು. ಹಂಪಿಯಂತೆ ಇದ್ದ ಹಾಗೆಯೇ ಬಿಟ್ಟುಬಿಡಬಾರದೇಕೆ ಎಂದು ನನಗನ್ನಿಸಿತು. ಕೇವಲ 1981ರಲ್ಲಿ ಮುಗಿದ ಕಟ್ಟಡ ಇಷ್ಟು ಬೇಗ ಹೀಗಾಗಲು ಕಾರಣವೇನು? ಉಳಿಸುವುದೆಂದರೆ ಆ ಆಡಳಿತವನ್ನು ಗೌರವಿಸಿದಂತೆ ಆಗುವುದಿಲ್ಲವೆ? ಇನ್ನೊಂದು ಮಾತು: ಮಗಳು ಮೆಟ್ಟಿಲ ಬಳಿ ಬಿದ್ದಿದ್ದ ಬೆರಳುಗುರಿನಷ್ಟು ನೀಲಿ ಗಾಜಿನ ಚೂರನ್ನು ನೆನಪಿಗೆಂದು ತಂದಿದ್ದಾಳೆ. ಅದು ತಪ್ಪೆ? – ದಾವಣಗೆರೆಯಿಂದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಕಟ್ಟಡಕ್ಕೆ ಏನಾಗಿದೆ ಎಂಬುದು ಒಂದು, ಅದು ಉಳಿಯಲು ಯೋಗ್ಯವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವುದು ನನ್ನ ವೃತ್ತಿ. ಕಾಂಕ್ರೀಟ್ ಕಟ್ಟಡಗಳ ಪರೀಕ್ಷೆ ಮತ್ತು ದುರಸ್ತಿಯಲ್ಲಿಯೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದಿವೆ. ಎರಡನೆಯದನ್ನು ತೀರ್ಮಾನಿಸಬೇಕಾದವರು ಬಲ್ಗೇರಿಯಾದ ಜನ. ಆದರೆ ಆ ತೀರ್ಮಾನ ಏನೇ ಆದರೂ ಮೊದಲು ಮಾಡಲೇಬೇಕಾದ ಒಂದು ಕೆಲಸವಿದೆ. ಅದನ್ನು ಈ ಉತ್ತರದಲ್ಲಿ ವಿವರಿಸುತ್ತೇನೆ.

ಮೊದಲು ಇತರ ಓದುಗರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುವೆ. ಬುಜ್ಲುಜಾ ಬಾಲ್ಕನ್ ಪರ್ವತಶ್ರೇಣಿಯಲ್ಲಿ, ಗುಲಾಬಿ ಕಣಿವೆಯ ಕಜನ್ಲಿಕ್ ಪಟ್ಟಣದ ಮೇಲ್ಭಾಗದಲ್ಲಿ, ಸಮುದ್ರಮಟ್ಟದಿಂದ 1,400 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಶಿಖರ. ಆಟೊಮನ್ ಆಳ್ವಿಕೆಯ ವಿರುದ್ಧ ಹೋರಾಡಿದ ಹಾಜಿ ದಿಮಿತರ್‌ನ ತಂಡ 1868ರಲ್ಲಿ ಕೊನೆಯ ಕಾಳಗ ನಡೆಸಿದ್ದು ಇಲ್ಲಿ. 1891ರಲ್ಲಿ ದಿಮಿತರ್ ಬ್ಲಾಗೊಯೆವ್ ನೇತೃತ್ವದಲ್ಲಿ ಸಮಾಜವಾದಿಗಳು ಗುಟ್ಟಾಗಿ ಸೇರಿ, ಮುಂದೆ ಕಮ್ಯುನಿಸ್ಟ್ ಪಕ್ಷವಾಗಿ ಬೆಳೆದ ಪಕ್ಷವನ್ನು ಕಟ್ಟಿದ್ದೂ ಇಲ್ಲಿಯೇ. ಆ ಸಭೆಯ ನೆನಪಿಗೆ, ವಾಸ್ತುಶಿಲ್ಪಿ ಗಿಯೋರ್ಗಿ ಸ್ತೊಯಿಲೊವ್ ಅವರ ವಿನ್ಯಾಸದಂತೆ, 1974ರಲ್ಲಿ ಶಿಖರದ ತುದಿಯನ್ನು ಸ್ಫೋಟಕಗಳಿಂದ ಸಮತಟ್ಟು ಮಾಡಿ ಕೆಲಸ ಆರಂಭಿಸಲಾಯಿತು. ಕಟ್ಟಡ 1981ರ ಆಗಸ್ಟ್ 23ರಂದು ಉದ್ಘಾಟನೆಯಾಯಿತು. ಗೋಪುರದ ಎತ್ತರ ಸುಮಾರು 70 ಮೀಟರು. ಅದರ ಎರಡೂ ಮುಖಗಳಲ್ಲಿ ಕೆಂಪು ಗಾಜಿನ ನಕ್ಷತ್ರಗಳಿದ್ದವು. ಒಳಗೆ 900 ಚದರ ಮೀಟರಿಗಿಂತ ಹೆಚ್ಚಿನ, ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಚಿತ್ರಗಳು. ಸೈನ್ಯದ ನಿರ್ಮಾಣ ದಳಗಳು, ಕಾರ್ಮಿಕರು, ಅರವತ್ತಕ್ಕೂ ಹೆಚ್ಚು ಕಲಾವಿದರು ಇದಕ್ಕೆ ದುಡಿದರು. ವೆಚ್ಚವಾದ 1.4 ಕೋಟಿಗೂ ಹೆಚ್ಚು ಲೆವಾದಲ್ಲಿ (ಬಲ್ಗೇರಿಯಾದ ಅಂದಿನ ನಾಣ್ಯ) ಸಾಮಾನ್ಯ ಜನರಿಂದ ದೇಣಿಗೆಯೆಂದು ಸಂಗ್ರಹಿಸಿದ ಹಣವೂ ಸೇರಿತ್ತು.

ಇದೆಲ್ಲ ಬಳಕೆಯಾದದ್ದು ಕೇವಲ ಎಂಟು ವರ್ಷ. 1989ರ ನವೆಂಬರ್ 10ರಂದು ದೇಶವಾಳುತ್ತಿದ್ದ ಕಮ್ಯುನಿಸ್ಟ್ ನಾಯಕ ತೊದೊರ್ ಜಿವ್ಕೊವ್ ಅಧಿಕಾರದಿಂದ ಇಳಿದರು. ಆಮೇಲೆ ಈ ಕಟ್ಟಡಕ್ಕೆ ಒಡೆಯರು ಯಾರು, ಕಾವಲು ಯಾರದು ಎಂಬುದೇ ಅಸ್ಪಷ್ಟವಾಯಿತು.

ಈಗ ಕಾರು ಓಡಿಸುತ್ತಿದ್ದವರ ಮಾತಿಗೆ ಬರುತ್ತೇನೆ. ಕಮ್ಯುನಿಸ್ಟರ ಕಾಲದ ಕಾಂಕ್ರೀಟ್ ಎಂದರೆ ಕಳಪೆ ಎಂಬ ಅಭಿಪ್ರಾಯ ಪೂರ್ವ ಯುರೋಪಿನಾದ್ಯಂತ ಇದೆ. ಅದಕ್ಕೆ ಆಧಾರವಿಲ್ಲ ಎನ್ನಲಾರೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಫಲಕಗಳನ್ನು ಜೋಡಿಸಿ ಸಾವಿರಾರು ಸಂಖ್ಯೆಯಲ್ಲಿ ಅವಸರದಿಂದ ಕಟ್ಟಿದ ವಸತಿ ಸಮುಚ್ಚಯಗಳಲ್ಲಿ ಸಂದುಗಳು ಸೋರುವುದು, ಚಳಿ ಒಳನುಗ್ಗುವುದು ಜನ ಪ್ರತಿದಿನ ಅನುಭವಿಸಿದ ತೊಂದರೆ. ಆದರೆ ಆಡಳಿತದ ಪ್ರತಿಷ್ಠೆಯ ಕಟ್ಟಡಗಳನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಬುಜ್ಲುಜಾಕ್ಕೆ ರಾಜ್ಯದ ಅತ್ಯುತ್ತಮ ಎಂಜಿನಿಯರುಗಳು, ಬೇಕಾದಷ್ಟು ಸಿಮೆಂಟು, ಬೇಕಾದಷ್ಟು ಉಕ್ಕು ಒದಗಿದ್ದವು. ಛಾವಣಿಯ ಹೊದಿಕೆ ಕಳೆದುಕೊಂಡು, ಇಪ್ಪತ್ತಕ್ಕೂ ಹೆಚ್ಚು ಚಳಿಗಾಲಗಳ ಹಿಮ, ಮಂಜು, ಬಿರುಗಾಳಿಗಳಿಗೆ ಒಳಹೊರಗೆಲ್ಲ ಒಡ್ಡಿಕೊಂಡ ಮೇಲೂ ಆ ತಟ್ಟೆ ಮತ್ತು ಗೋಪುರ ನೆಟ್ಟಗೆ ನಿಂತಿವೆ. ಕಳಪೆ ಕಾಂಕ್ರೀಟು ಹಾಗೆ ನಿಲ್ಲುವುದಿಲ್ಲ.

ಹಾಗಾದರೆ ಕೆಟ್ಟದ್ದು ಯಾವುದರಿಂದ? ನೀರಿನಿಂದ. ಆ ನೀರಿಗೆ ದಾರಿ ಮಾಡಿಕೊಟ್ಟದ್ದು ಕಳ್ಳತನ. ಕಟ್ಟಡದ ದುಂಡನೆಯ ಛಾವಣಿ ಉಕ್ಕಿನ ಚೌಕಟ್ಟಿನದು. ಅದರ ಮೇಲೆ ತಾಮ್ರದ ಹೊದಿಕೆ ಇತ್ತು. ಕಾವಲು ಹೋದ ಮೇಲೆ ಜನ ಆ ತಾಮ್ರವನ್ನು ಸುಲಿದು ಮಾರಿಕೊಂಡರು. ನಕ್ಷತ್ರದ ಗಾಜು ನಿಜವಾದ ಮಾಣಿಕ್ಯ ಎಂಬ ಕಟ್ಟುಕಥೆ ಹಬ್ಬಿ, ಅದಕ್ಕೆ ಗುಂಡು ಹೊಡೆದು ಒಡೆದವರೂ ಇದ್ದಾರೆ. ಕಿಟಕಿಗಳು ಒಡೆದವು. ಹೀಗೆ ಒಳಾಂಗಣವಾಗಿ ರೂಪಿಸಿದ ಗೋಡೆಗಳು ಹೊರಾಂಗಣವಾಗಿಬಿಟ್ಟವು. ಮಳೆ ಕಾಣಬೇಕಾಗಿಲ್ಲದ ಕಾಂಕ್ರೀಟು ಮಳೆಯನ್ನೂ ಹಿಮವನ್ನೂ ಕುಡಿಯತೊಡಗಿತು.

ವಿನ್ಯಾಸದ್ದೂ ಒಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಾಳಿ ಅಪ್ಪಳಿಸುವ ಶಿಖರದ ತುದಿಯಲ್ಲಿ, ಸುತ್ತಲೂ ಕಿಟಕಿಗಳ ಪಟ್ಟಿ, ಮೇಲೆ ಲೋಹದ ಹೊದಿಕೆ, ಒಳಗೆ ನಾಜೂಕಾದ ಗಾಜಿನ ಚಿತ್ರ ಎಂದಮೇಲೆ ಅಂಥ ಕಟ್ಟಡಕ್ಕೆ ಪ್ರತಿ ವರ್ಷವೂ ಹಣ ಮತ್ತು ಆಳು ಬೇಕು. ಖಜಾನೆಯ ಬಾಗಿಲು ಎಂದಿಗೂ ತೆರೆದೇ ಇರುತ್ತದೆ ಎಂದು ನಂಬಿ ಅದನ್ನು ಕಟ್ಟಲಾಯಿತು. ನಮ್ಮಲ್ಲಿಯೂ ಉದ್ಘಾಟನೆಯ ದಿನಕ್ಕೆ ಸಿಗುವ ಹಣ ಐದನೆಯ ವರ್ಷದ ಜಲನಿರೋಧಕ ಲೇಪನಕ್ಕೆ ಸಿಗುವುದಿಲ್ಲ ಎಂಬುದನ್ನು ನಾನು ಎಷ್ಟೋ ಸಭಾಭವನಗಳಲ್ಲಿ ಕಂಡಿದ್ದೇನೆ.

ನೀವು ಕಂಡ ತುಕ್ಕಿನ ಕಲೆಯ ಹಿಂದಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಂಪಿಯ ಪ್ರಶ್ನೆಗೆ ಉತ್ತರವಿರುವುದೂ ಅಲ್ಲಿಯೇ. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯ. ಆ ಕ್ಷಾರದಲ್ಲಿ ಉಕ್ಕಿನ ಸರಳಿನ ಮೇಲೆ ಕಣ್ಣಿಗೆ ಕಾಣದ ರಕ್ಷಾಪದರವೊಂದು ಉಂಟಾಗಿ, ಸರಳು ತುಕ್ಕು ಹಿಡಿಯದೆ ಉಳಿಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಮೇಲ್ಮೈಯಿಂದ ನಿಧಾನವಾಗಿ ಒಳಗಿಳಿಯುತ್ತ ಆ ಕ್ಷಾರವನ್ನು ಕುಗ್ಗಿಸುತ್ತದೆ. ಈ ಇಳಿತ ಬರಬರುತ್ತ ಮಂದವಾಗುತ್ತದೆ. ಹತ್ತು ವರ್ಷಗಳಲ್ಲಿ ಹತ್ತು ಮಿಲಿಮೀಟರು ಇಳಿದದ್ದು ಇಪ್ಪತ್ತು ಮಿಲಿಮೀಟರು ತಲುಪಲು ಸುಮಾರು ನಲವತ್ತು ವರ್ಷ ಹಿಡಿಯುತ್ತದೆ. ಅದು ಸರಳನ್ನು ಮುಟ್ಟಿದಾಗ ರಕ್ಷಾಪದರ ಕರಗುತ್ತದೆ. ನೀರೂ ಆಮ್ಲಜನಕವೂ ಸೇರಿದರೆ ತುಕ್ಕು ಆರಂಭ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡು ಪಟ್ಟಿಗಿಂತ ಹೆಚ್ಚು. ಅದು ಒಳಗಿನಿಂದ ಒತ್ತಿ ಕಾಂಕ್ರೀಟಿನ ಹೊರಪದರವನ್ನು ಸಿಡಿಸುತ್ತದೆ. ಬುಜ್ಲುಜಾದಲ್ಲಿ ಇದರ ಜೊತೆಗೆ ಹಿಮದ ಕಾಟವೂ ಇದೆ. ಸೂಕ್ಷ್ಮ ರಂಧ್ರಗಳಲ್ಲಿ ನಿಂತ ನೀರು ಮಂಜುಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಈ ಆಟ ಒಂದೇ ಚಳಿಗಾಲದಲ್ಲಿ ಹತ್ತಾರು ಬಾರಿ ನಡೆಯುತ್ತದೆ. ನೀವು ಹೇಳಿದ ಬಿಳಿ ಗೆರೆಗಳು ಸೋರುವ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿ ಹೊರಗೆ ತಂದು ಬಿಟ್ಟುಹೋದ ಗುರುತು. ನೀರು ಯಾವ ದಾರಿಯಲ್ಲಿ ಹರಿದಿದೆ ಎಂಬುದನ್ನು ಅವುಗಳಿಂದಲೇ ಓದಬಹುದು.

ಇದನ್ನು ಪರೀಕ್ಷಿಸುವ ಬಗೆ ಬಹಳ ಸರಳ. ಕರಾವಳಿಯ ಒಂದು ಊರಿನಲ್ಲಿ ಮೇಲ್ತೊಟ್ಟಿಯೊಂದನ್ನು ಉಳಿಸಬಹುದೇ ಎಂದು ನೋಡಲು ನನ್ನನ್ನು ಕರೆದಿದ್ದರು. ಹೊರಗಿನಿಂದ ಬಣ್ಣ ಬಳಿದು ಲಕ್ಷಣವಾಗಿಯೇ ಇತ್ತು. ಸಣ್ಣ ಸುತ್ತಿಗೆಯಿಂದ ಕಂಬವನ್ನು ಬಡಿಯುತ್ತ ಹೋದೆ. ಗಟ್ಟಿಯಾಗಿರುವಲ್ಲಿ ‘ಟಣ್’ ಎನ್ನುತ್ತದೆ, ಹೊರಪದರ ಬೇರ್ಪಟ್ಟಲ್ಲಿ ‘ಡಬ್’ ಎನ್ನುತ್ತದೆ. ಡಬ್ ಎಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಬಂದರೆ ಅರ್ಧ ಕಂಬ ಬೆಳ್ಳಗಾಯಿತು. ಒಂದು ಚೂರು ಒಡೆದು ಹಸಿ ಮೈಯ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದೆ. ಕ್ಷಾರ ಉಳಿದಿರುವ ಭಾಗ ಕ್ಷಣದಲ್ಲಿ ಕಡುಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬೂದುಬಣ್ಣದಲ್ಲೇ ಇರುತ್ತದೆ. ಅಲ್ಲಿ ಸರಳಿನ ಸುತ್ತ ಎರಡು ಬೆರಳಗಲ ಬೂದು, ಗುಲಾಬಿ ಅದರಾಚೆಗೆ. ಜೊತೆಗಿದ್ದ ಊರಿನ ಹಿರಿಯರಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಬುಜ್ಲುಜಾದ ಗೋಡೆಯಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಗುಲಾಬಿಯ ಗೆರೆ ಸರಳಿನ ಈಚೆಗಿದೆಯೆ, ಆಚೆಗಿದೆಯೆ?

ಈಗ ಹಂಪಿ. ವಿಜಯನಗರ 1565ರಲ್ಲಿ ಹಾಳಾದ ಮೇಲೆ ನಾಲ್ಕೂವರೆ ಶತಮಾನ ಅದರ ಮಂಟಪಗಳು ನಿಂತಿರುವುದು ಕಗ್ಗಲ್ಲಿನ ಕಂಬ ಮತ್ತು ತೊಲೆಗಳ ಬಲದಿಂದ. ಕಲ್ಲಿನ ಕಂಬ ಭಾರವನ್ನು ಒತ್ತಡದ ಮೂಲಕ ನೆಲಕ್ಕೆ ಇಳಿಸುತ್ತದೆ. ಕಲ್ಲಿನ ಹೊಟ್ಟೆಯಲ್ಲಿ ತುಕ್ಕು ಹಿಡಿಯುವ ಏನೂ ಇಲ್ಲ. ಅಲ್ಲಿಯೂ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಮೇಲ್ಭಾಗಗಳು ಬಹಳಷ್ಟು ಕಡೆ ಮೊದಲು ಉದುರಿದವು ಎಂಬುದನ್ನು ನೀವು ಗಮನಿಸಿರಬಹುದು. ಹಂಪಿಯನ್ನು ‘ಇದ್ದ ಹಾಗೆಯೇ’ ಬಿಟ್ಟಿದ್ದಾರೆ ಎಂಬುದೂ ಪೂರ್ತಿ ನಿಜವಲ್ಲ. ಆಸರೆ ಕೊಡುವುದು, ಬೇರು ಕೀಳುವುದು, ಕಲ್ಲು ಮರುಜೋಡಿಸುವುದು ಅಲ್ಲಿ ನಿರಂತರವಾಗಿ ನಡೆಯುತ್ತಲೇ ಇದೆ. ಕಬ್ಬಿಣ ಹುದುಗಿಸಿದ ಕಾಂಕ್ರೀಟಿಗೆ ಕಲ್ಲಿನ ಆ ತಾಳ್ಮೆ ಇಲ್ಲ. ಎಳೆತವನ್ನು ತಡೆಯುವ ಕೆಲಸ ಸರಳಿನದು, ಸರಳು ಸವೆದರೆ ಚಾಚಿಕೊಂಡ ತಟ್ಟೆಯನ್ನು ಹಿಡಿದಿರುವ ಶಕ್ತಿಯೇ ಸವೆಯುತ್ತದೆ. ಆದ್ದರಿಂದ ಬುಜ್ಲುಜಾವನ್ನು ಸುಮ್ಮನೆ ಬಿಡುವುದೆಂದರೆ ಅದನ್ನು ನಿಧಾನವಾಗಿ, ಯಾವ ದಿನ ಯಾರ ಮೇಲೆ ಎಂದು ಹೇಳಲಾಗದ ರೀತಿಯಲ್ಲಿ ಕೆಡವುವುದು. ಏನೂ ಮಾಡದಿರುವುದು ಇಲ್ಲಿ ಸುರಕ್ಷಿತ ಆಯ್ಕೆಯಲ್ಲ.

ಹಾಗಾದರೆ ಅಜ್ಜಿ ಹೇಳಿದಂತೆ ಕೆಡವಿದರೆ? ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಕಟ್ಟಡವನ್ನು ಎಬ್ಬಿಸಿದ ಆಡಳಿತವೇ ಬೆಲೆನೆ ದ್ವೀಪದಲ್ಲಿ ಶ್ರಮಶಿಬಿರ ನಡೆಸಿತ್ತು. 1980ರ ದಶಕದ ಮಧ್ಯದಲ್ಲಿ ದೇಶದ ತುರ್ಕಿ ಭಾಷಿಕರ ಹೆಸರುಗಳನ್ನೇ ಬಲವಂತವಾಗಿ ಬದಲಾಯಿಸಿತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ತುರ್ಕಿಗೆ ಹೊರಟರು. ಇದನ್ನು ಕಣ್ಣಾರೆ ಕಂಡವರಿಗೆ ಬೆಟ್ಟದ ಮೇಲಿನ ನಕ್ಷತ್ರ ಕೇವಲ ವಾಸ್ತುಶಿಲ್ಪವಾಗಿ ಕಾಣಬೇಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಕೆಡವುವುದು ಸುಲಭ, ಅಗ್ಗ, ಒಮ್ಮೆಗೇ ಮುಗಿಯುತ್ತದೆ ಎಂಬ ನಂಬಿಕೆಯನ್ನು ತಿದ್ದಲೇಬೇಕು. ಸೋಫಿಯಾದ ನಡುಮಧ್ಯದಲ್ಲಿ ಕಮ್ಯುನಿಸ್ಟ್ ನಾಯಕ ಗಿಯೋರ್ಗಿ ದಿಮಿತ್ರೊವ್ ಅವರ ಸಮಾಧಿಮಂದಿರ ಇತ್ತು. 1949ರಲ್ಲಿ ಅದನ್ನು ಆರೇ ದಿನಗಳಲ್ಲಿ ಕಟ್ಟಿದ್ದರು. ಐವತ್ತು ವರ್ಷಗಳ ನಂತರ, 1999ರ ಆಗಸ್ಟಿನಲ್ಲಿ, ಅಂದಿನ ಸರ್ಕಾರ ಅದನ್ನು ಸ್ಫೋಟಿಸಲು ಮುಂದಾದಾಗ ಮೊದಲ ಸ್ಫೋಟಕ್ಕೆ ಕಟ್ಟಡ ಸ್ವಲ್ಪ ವಾಲಿತೇ ಹೊರತು ಬೀಳಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ, ಹೆಚ್ಚುಕಡಿಮೆ ಕಟ್ಟಲು ಹಿಡಿದಷ್ಟೇ ದಿನಗಳನ್ನು ಅಲ್ಲಿಯೂ ಕಳೆದು ನೆಲಸಮ ಮಾಡಬೇಕಾಯಿತು. ಅದು ಬಯಲಿನಲ್ಲಿದ್ದ, ಹೋಲಿಕೆಯಲ್ಲಿ ಪುಟ್ಟ ಕಟ್ಟಡ. ಬುಜ್ಲುಜಾ ಇರುವುದು ಶಿಖರದ ಮೇಲೆ, 1868ರ ಹುತಾತ್ಮರ ನೆನಪಿನ ನೆಲದಲ್ಲಿ. ಸಾವಿರಾರು ಟನ್ ಅವಶೇಷವನ್ನು ಬೆಟ್ಟದ ದಾರಿಯಲ್ಲಿ ಇಳಿಸಿ ಸಾಗಿಸಬೇಕು. ಬರ್ಲಿನ್ನಿನಲ್ಲಿ ಪೂರ್ವ ಜರ್ಮನಿಯ ಗಣರಾಜ್ಯ ಅರಮನೆಯನ್ನು 2006ರಿಂದ 2008ರವರೆಗೆ ಬಿಚ್ಚಿ ತೆಗೆದರು. ಅದಕ್ಕೆ ಮುನ್ನ ಒಳಗಿದ್ದ ಆಸ್ಬೆಸ್ಟಾಸ್ ತೆರವು ಮಾಡಲೇ ವರ್ಷಗಳು ಹಿಡಿದವು. ಆ ಜಾಗ ಏನಾಗಬೇಕೆಂಬ ಜಗಳ ಕಟ್ಟಡ ಹೋದ ಮೇಲೂ ನಿಲ್ಲಲಿಲ್ಲ. ಸೋಫಿಯಾದಲ್ಲಿಯೇ ಇನ್ನೊಂದು ಉದಾಹರಣೆ ಇದೆ: ರಾಷ್ಟ್ರೀಯ ಸಂಸ್ಕೃತಿ ಭವನದ ಮುಂದೆ ಶಿಲ್ಪಿ ವಾಲೆಂತಿನ್ ಸ್ತಾರ್ಚೆವ್ ರೂಪಿಸಿದ್ದ ‘ಬಲ್ಗೇರಿಯಾ 1300 ವರ್ಷ’ ಸ್ಮಾರಕ. ಅವಸರದಲ್ಲಿ ಎಬ್ಬಿಸಿ 1981ರಲ್ಲಿ ಅನಾವರಣ ಮಾಡಿದ ಅದರ ಹೊದಿಕೆಯ ಫಲಕಗಳು ಉದುರತೊಡಗಿ, ವರ್ಷಗಟ್ಟಲೆ ಬೇಲಿಯೊಳಗೆ ಕೊಳೆತು, ಕೊನೆಗೆ 2017ರಲ್ಲಿ ಅದನ್ನು ತೆಗೆದುಹಾಕಲಾಯಿತು. ಅದರ ಮೇಲೆ ತೀರ್ಪು ಕೊಟ್ಟವರು ಇತಿಹಾಸಕಾರರಿಗಿಂತ ಹೆಚ್ಚಾಗಿ ಸೋರುವ ನೀರು ಮತ್ತು ಬೀಳುವ ಫಲಕಗಳು ಎಂದೇ ನಾನು ತಿಳಿದಿದ್ದೇನೆ. ಬುಜ್ಲುಜಾಕ್ಕೂ ಹಾಗಾಗಬಾರದು.

ಇನ್ನೊಂದು ಕೊನೆಯಲ್ಲಿ, 1981ರ ಆಗಸ್ಟಿನಲ್ಲಿದ್ದಂತೆ ಎಲ್ಲವನ್ನೂ ಹೊಸದಾಗಿ ಮಾಡಿ ನಿಲ್ಲಿಸಬೇಕು ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಳಗಿನ ಮೊಸಾಯಿಕ್‌ನಲ್ಲಿ ಮಾರ್ಕ್ಸ್, ಎಂಗೆಲ್ಸ್, ಲೆನಿನ್ ಒಂದು ಕಡೆ, ಬ್ಲಾಗೊಯೆವ್, ದಿಮಿತ್ರೊವ್, ಜಿವ್ಕೊವ್ ಇನ್ನೊಂದು ಕಡೆ ಇದ್ದರು. ಜಿವ್ಕೊವ್ ಅವರ ಮುಖವನ್ನು ಕಿತ್ತುಹಾಕಲಾಗಿದೆ. ಆ ಬೋಳು ಗಾರೆಯನ್ನು ಮತ್ತೆ ಹೊಸ ಗಾಜಿನಿಂದ ತುಂಬಿದರೆ ಆ ಆಡಳಿತ ಹೇಗೆ ಕೊನೆಗೊಂಡಿತು ಎಂಬ ದಾಖಲೆಯನ್ನು ಅಳಿಸಿದಂತೆ. ಖಾಲಿ ಮುಖವೂ ಈಗ ಆ ಗೋಡೆಯ ಇತಿಹಾಸವೇ. ಬಾಗಿಲ ಬಳಿ ಜನ ಬರೆದುಹೋದ ಗೋಡೆಬರಹಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ, ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ಯಾರಾದರೂ ಕೂತು ಆರಿಸಬೇಕಾಗುತ್ತದೆ ಅಷ್ಟೆ. ಪೂರ್ಣ ಪುನರ್ನಿರ್ಮಾಣಕ್ಕೆ ಬೇಕಾಗುವ ಹಣ, ಆಮೇಲೆ ವರ್ಷವರ್ಷವೂ ಶಾಖಕ್ಕೂ ರಸ್ತೆಯ ಹಿಮ ತೆಗೆಯಲಿಕ್ಕೂ ಬೇಕಾಗುವ ಹಣ, ಇವುಗಳ ಹೊರೆ ಮೊದಲ ಬಾರಿಗೆ ಆದ ತಪ್ಪನ್ನೇ ಮತ್ತೆ ಮಾಡಿಸುತ್ತದೆ.

ನಾನು ಸೂಚಿಸುವುದು ನಡುವಿನ ದಾರಿ, ಅದರಲ್ಲಿಯೂ ಅಪಾಯಗಳಿವೆ. ಎಲ್ಲಕ್ಕಿಂತ ಮೊದಲು ಮೇಲಿನ ನೀರನ್ನು ನಿಲ್ಲಿಸಬೇಕು. ಛಾವಣಿಗೆ ಸರಳವಾದ, ಹಗುರವಾದ ಹೊದಿಕೆ ಹಾಕಬೇಕು. ತಾಮ್ರವೇ ಆಗಬೇಕಿಲ್ಲ, ಕದಿಯಲು ಬೆಲೆ ಇಲ್ಲದ್ದಾದರೆ ಇನ್ನೂ ಒಳ್ಳೆಯದು. ಆದರೆ ಹೊದಿಸುವ ಮುನ್ನ ಹಳೆಯ ಉಕ್ಕಿನ ಚೌಕಟ್ಟಿನ ಪ್ರತಿ ಕೀಲನ್ನೂ ಪರೀಕ್ಷಿಸಬೇಕು. ರಂಧ್ರಗಳಿರುವ ಛಾವಣಿಯ ಮೂಲಕ ಗಾಳಿ ನುಸುಳಿ ಹೋಗುತ್ತದೆ, ಮುಚ್ಚಿದ ಛಾವಣಿಯನ್ನು ಅದು ಎತ್ತಿ ಎಳೆಯುತ್ತದೆ. ಹಿಮವೂ ಅದರ ಮೇಲೆ ಕೂರುತ್ತದೆ. ತುಕ್ಕು ಹಿಡಿದ ಚೌಕಟ್ಟಿಗೆ ಈ ಭಾರಗಳನ್ನು ಲೆಕ್ಕ ಹಾಕದೆ ಹೊರಿಸಿದರೆ ಉಳಿಸಲು ಹೋಗಿ ಬೀಳಿಸಿದಂತೆ.

ಕಾಂಕ್ರೀಟಿನ ದುರಸ್ತಿಯಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ. ಒಂದು, ಒದ್ದೆ ಗೋಡೆಗೆ ಗಾಳಿಯಾಡದ ಬಣ್ಣ ಬಳಿಯುವುದು. ನೀರು ಒಳಗೇ ಸಿಕ್ಕಿಕೊಂಡು ಹೆಪ್ಪುಗಟ್ಟುತ್ತದೆ. ಇನ್ನೊಂದು, ಸಿಡಿದ ಜಾಗಕ್ಕೆ ಮಾತ್ರ ಹೊಸ ಗಾರೆ ಮೆತ್ತುವುದು. ಹಾಗೆ ಮೆತ್ತಿದಾಗ ತೇಪೆಯೊಳಗಿನ ಸರಳು ಸುರಕ್ಷಿತವಾಗುತ್ತದೆ ನಿಜ, ಆದರೆ ಅದರ ಅಂಚಿನಾಚೆಗೆ ಹಳೆಯ ಕಾಂಕ್ರೀಟಿನಲ್ಲಿರುವ ಸರಳು ವಿದ್ಯುತ್‌ರಾಸಾಯನಿಕ ಕ್ರಿಯೆಯಿಂದ ಮೊದಲಿಗಿಂತ ವೇಗವಾಗಿ ತುಕ್ಕು ಹಿಡಿಯಬಹುದು. ತೇಪೆಯ ಸುತ್ತ ಉಂಗುರದಂತೆ ಹೊಸ ಬಿರುಕು ಕಾಣಿಸಿಕೊಂಡ ಕಟ್ಟಡಗಳನ್ನು ನಾನು ಎಷ್ಟೋ ನೋಡಿದ್ದೇನೆ. ಇದನ್ನು ತಡೆಯಲು ಹಾಳಾದ ಭಾಗವನ್ನು ಸರಳಿನ ಹಿಂದಿನವರೆಗೆ ಕೆತ್ತಿ ತೆಗೆಯುವುದು, ಸರಳಿನ ಬದಲು ತಾವೇ ಸವೆಯುವ ‘ತ್ಯಾಗ ಲೋಹ’ವಾಗಿ ಸತುವಿನ ತುಂಡುಗಳನ್ನು ಹುದುಗಿಸುವುದು ಮುಂತಾದ ವಿಧಾನಗಳಿವೆ. ಅವು ದುಬಾರಿ, ಮತ್ತು ನುರಿತ ಕೈ ಬೇಡುತ್ತವೆ.

ಮೊಸಾಯಿಕ್ ಕಾಯುವುದಿಲ್ಲ. ಗಾಜಿನ ಚೂರುಗಳ ಹಿಂದಿನ ಗಾರೆಗೆ ನೀರು ಸೇರಿ ಹೆಪ್ಪುಗಟ್ಟಿದರೆ ಚಿತ್ರ ಹಾಳೆಯಂತೆ ಎದ್ದುಬರುತ್ತದೆ. ಒಂದು ಅಂಚು ಸಡಿಲವಾದರೆ ಪಕ್ಕದ ಚೂರಿಗೆ ಹಿಡಿತವಿಲ್ಲ. ಸ್ವೆಟರಿನ ಎಳೆ ಬಿಟ್ಟಂತೆ ಸಾಲುಸಾಲಾಗಿ ಉದುರುತ್ತದೆ. ಅಂಚುಗಳಿಗೆ ಗಾರೆಯ ಕಟ್ಟೆ ಕಟ್ಟುವುದು, ಎದ್ದ ಭಾಗಕ್ಕೆ ಬಟ್ಟೆ ಅಂಟಿಸಿ ಹಿಡಿದಿಡುವುದು, ಹಿಂದಿನ ಟೊಳ್ಳಿಗೆ ಸೂಜಿಯಿಂದ ತೆಳುಗಾರೆ ತುಂಬುವುದು ಇವೇ ಇದರ ತುರ್ತು ಚಿಕಿತ್ಸೆ. ಸಂತೋಷದ ಸಂಗತಿಯೆಂದರೆ ಈ ಕೆಲಸ ಶುರುವಾಗಿದೆ. ವಾಸ್ತುಶಿಲ್ಪಿ ದೋರಾ ಇವಾನೊವಾ ಸ್ಥಾಪಿಸಿದ ಬುಜ್ಲುಜಾ ಪ್ರಾಜೆಕ್ಟ್ ಫೌಂಡೇಶನ್ ವರ್ಷಗಳಿಂದ ಇದರ ಬೆನ್ನು ಹತ್ತಿದೆ. 2018ರಲ್ಲಿ ಯುರೋಪಾ ನೋಸ್ತ್ರಾ ಸಂಸ್ಥೆ ಯುರೋಪಿನ ಅತಿ ಅಪಾಯದಲ್ಲಿರುವ ಏಳು ಪಾರಂಪರಿಕ ತಾಣಗಳಲ್ಲಿ ಇದನ್ನು ಸೇರಿಸಿತು. 2019ರಲ್ಲಿ ಗೆಟಿ ಫೌಂಡೇಶನ್ ಸಂರಕ್ಷಣಾ ಯೋಜನೆ ಸಿದ್ಧಪಡಿಸಲು 1,85,000 ಡಾಲರ್ ಕೊಟ್ಟಿತು. ಮರುವರ್ಷ ಮೊಸಾಯಿಕ್‌ಗಳನ್ನು ಸ್ಥಿರಗೊಳಿಸಲು ಇನ್ನೂ 60,000 ಡಾಲರ್ ಬಂತು. ಇಡೀ ಕಟ್ಟಡಕ್ಕೆ ಇದು ಸಾಲದು. ಆದರೆ ಅಧ್ಯಯನ ಮೊದಲು, ಕೆಲಸ ಆಮೇಲೆ ಎಂಬ ಸರಿಯಾದ ಕ್ರಮದಲ್ಲಿ ಖರ್ಚಾಗಿದೆ.

ಉಳಿಸಿದರೆ ಗೌರವಿಸಿದಂತೆ ಆಗುವುದಿಲ್ಲವೆ ಎಂದು ಕೇಳಿದ್ದೀರಿ. ವಾರ್ಸಾದ ನಡುವೆ 237 ಮೀಟರು ಎತ್ತರದ ಸಂಸ್ಕೃತಿ ಮತ್ತು ವಿಜ್ಞಾನ ಅರಮನೆ ಇದೆ. ಸೋವಿಯತ್ ಒಕ್ಕೂಟದ ‘ಉಡುಗೊರೆ’ಯಾಗಿ 1955ರಲ್ಲಿ ಮುಗಿದ ಆ ಕಟ್ಟಡವನ್ನು ದ್ವೇಷಿಸಲು ಪೋಲೆಂಡಿನವರಿಗೆ ಬೇಕಾದಷ್ಟು ಕಾರಣಗಳಿವೆ. ಆದರೂ 2007ರಲ್ಲಿ ಅದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ನಾಟಕಶಾಲೆಗಳಿವೆ, ಈಜುಕೊಳವಿದೆ, ಜನ ಟಿಕೆಟ್ ಕೊಂಡು ಮೇಲೇರಿ ಊರು ನೋಡುತ್ತಾರೆ. ಅದರಿಂದ ಯಾರೂ ಸ್ಟಾಲಿನನನ್ನು ಮೆಚ್ಚಿಕೊಂಡಂತೆ ಆಗಿಲ್ಲ. ಬುಜ್ಲುಜಾಕ್ಕೆ ಅಂಥ ದಿನಬಳಕೆ ಬೆಟ್ಟದ ಮೇಲೆ ದಕ್ಕುವುದು ಕಷ್ಟ. ನೀರು ಒಳಬರದಂತೆ ಮಾಡಿ, ತಲೆಯ ಮೇಲೆ ಏನೂ ಬೀಳದ ಒಂದು ದಾರಿ ಕಟ್ಟಿ, ಬೆಲೆನೆಯ ಕಥೆಯನ್ನೂ ಹೆಸರು ಕಳೆದುಕೊಂಡವರ ಕಥೆಯನ್ನೂ ಅದೇ ಗೋಡೆಗಳ ನಡುವೆ ಹೇಳಿದರೆ ಸಾಕು. ಕಟ್ಟಿದವರೇ ಎಂದೂ ಹೇಳಲು ಬಿಡದಿದ್ದ ಮಾತುಗಳನ್ನು ಅಲ್ಲಿ ಹೇಳಿದಂತಾಗುತ್ತದೆ. ನಾಳೆ ಆ ದೇಶದವರು ಕೆಡವುವುದೇ ಸರಿ ಎಂದು ತೀರ್ಮಾನಿಸಿದರೂ ಛಾವಣಿ ಮುಚ್ಚಿದ್ದರಿಂದ ನಷ್ಟವಿಲ್ಲ. ಆ ತೀರ್ಮಾನವನ್ನು ಅವರು ಬಿರುಕುಗಳ ಒತ್ತಾಯವಿಲ್ಲದೆ ತೆಗೆದುಕೊಳ್ಳಬಹುದು.

ಮುಂದಿನ ಬಾರಿ ಹೋದಾಗ ಹೊರಗಿನಿಂದಲೇ ನೋಡಿ. ಕಾವಲಿರುವಾಗ ಒಳಗೆ ನುಸುಳಲು ದಾರಿ ತೋರಿಸುವೆನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಚಾವಣಿಯ ಲೋಹದ ತುಂಡುಗಳು ಗಾಳಿಗೆ ಸಡಿಲವಾಗುವುದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ.

ಮಗಳು ತಂದ ನೀಲಿ ಗಾಜಿನ ಚೂರಿನ ವಿಷಯ. ಅವಳದು ಕೆಟ್ಟ ಉದ್ದೇಶವಲ್ಲ, ಆದರೆ ಅದು ಹಿಂತಿರುಗಬೇಕು. ಅಂಥ ಗಾಜನ್ನು ಲೋಹದ ಆಕ್ಸೈಡುಗಳನ್ನು ಬೆರೆಸಿ ಕರಗಿಸಿ ಮಾಡುತ್ತಾರೆ. ಒಂದು ಕುಲುಮೆಯ ನೀಲಿ ಇನ್ನೊಂದರ ನೀಲಿಗೆ ಹೊಂದುವುದಿಲ್ಲ. ಮುಂದೆ ದುರಸ್ತಿ ಮಾಡುವವರಿಗೆ ಮೂಲ ಚೂರೊಂದು ಕೈಯಲ್ಲಿದ್ದರೆ ಬಣ್ಣ ಹೊಂದಿಸಲು, ಹಿಂಬದಿಯಲ್ಲಿ ಅಂಟಿರುವ ಗಾರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅನುಕೂಲ. ಆದ್ದರಿಂದ ಅದನ್ನು ತೊಳೆಯಬೇಡಿ, ಉಜ್ಜಬೇಡಿ. ಹತ್ತಿಯಲ್ಲಿ ಸುತ್ತಿ, ಸಣ್ಣ ಡಬ್ಬಿಯಲ್ಲಿಟ್ಟು, ಯಾವ ದಿನ, ಯಾವ ಮೆಟ್ಟಿಲ ಹತ್ತಿರ, ಬಾಗಿಲಿನ ಎಡಕ್ಕೋ ಬಲಕ್ಕೋ ಸಿಕ್ಕಿತು ಎಂದು ಮಗಳ ಕೈಯಿಂದಲೇ ಒಂದು ಚೀಟಿ ಬರೆಸಿ ಒಳಗಿಡಿ. ರಜೆ ಮುಗಿಸಿ ಪ್ಲೊವ್ಡಿವ್‌ಗೆ ಮರಳುವಾಗ ಅವಳೇ ಒಯ್ದು ಸಂರಕ್ಷಣೆಯ ತಂಡದವರಿಗೆ ಕೊಡಲಿ.